ಕೆರೆ ನೀರು ಕುಡಿದ ಗೌಡರು

ಶಾಸಕ ಹೊಂಬೇಗೌಡರಿಗೆ ಅರವತ್ತು ತುಂಬಿತು. ಅವರ ಅಭಿನಂದನಾ ಗ್ರಂಥ ನಮ್ಮ ಪ್ರೆಸ್ಸಿಗೆ ಬಂತು. ಅಲ್ಲಿ ಕರಡು ತಿದ್ದುವವಳು ನಾನು. ಅವರದೂ ನನ್ನದೂ ಒಂದೇ ಊರು.

ಒಂದು ಮಧ್ಯಾಹ್ನ ಗೌಡರೇ ಬಂದು, ತಮ್ಮ ಜೀವನಚರಿತ್ರೆಯ ಲೇಖನವನ್ನು ನನ್ನ ಮೇಜಿನ ಮೇಲೆ ಎಸೆದರು.

"ನಮ್ಮೂರಿನವಳೇ ಅಲ್ವಾ ನೀನು? ಓದು. ತಪ್ಪಿದ್ರೆ ತಿದ್ದಿ, ಸತ್ಯ ಅಂತ ಬರೆದು ಸಹಿ ಹಾಕು. ಊರಿನವರೇ ಹೇಳಿದ್ರೆ ಜನ ನಂಬ್ತಾರೆ."

ಅವರ ಬೆನ್ನ ಹಿಂದೆ ನಿಂತಿದ್ದ ಪ್ರೆಸ್ಸಿನ ಮಾಲೀಕರು, ಸುಮ್ಮನೆ ಸಹಿ ಹಾಕಮ್ಮ ಎನ್ನುವಂತೆ ನನಗೆ ಕೈಮುಗಿದರು.

ಮೊದಲ ಸಾಲೇ ಹೀಗಿತ್ತು: "ಗೌಡರು ಮಣ್ಣಿನ ಮಗ, ಊರಿನ ಕೆರೆ ನೀರು ಕುಡಿದು ಬೆಳೆದವರು."

ನನಗೆ ಮೈಯೆಲ್ಲ ಉರಿಯಿತು. ಆ ಕೆರೆಗೆ ಮಣ್ಣು ತುಂಬಿಸಿ, ಅದರ ಮೇಲೆ ಕಲ್ಯಾಣ ಮಂಟಪ ಕಟ್ಟಿಸಿದ್ದು ಇದೇ ಗೌಡರು. ಅವತ್ತು ಬೆಳಿಗ್ಗೆಯೂ ನಾನು ಕೊಡ ಹಿಡಿದು ಎರಡು ಗಂಟೆ ಟ್ಯಾಂಕರಿಗೆ ಕಾದು ಬಂದಿದ್ದೆ.

ಕೆಂಪು ಪೆನ್ನು ತೆಗೆದೆ. ಒಂದೇ ಒಂದು ಪದ ಹೊಡೆದುಹಾಕಿದೆ. ಆ ಸಾಲಿನ ಪಕ್ಕ "ಸತ್ಯ" ಎಂದು ಬರೆದು ಸಹಿ ಹಾಕಿ ಕೊಟ್ಟೆ.

ಗೌಡರು ಎಲ್ಲರಿಗೂ ಕೇಳಲೆಂದು ಗಟ್ಟಿಯಾಗಿ ಓದಿದರು. "ಗೌಡರು ಮಣ್ಣಿನ ಮಗ, ಊರಿನ ಕೆರೆ ಕುಡಿದು ಬೆಳೆದವರು."

ಮಿಷನ್ನಿನ ಹತ್ತಿರ ಯಾರೋ ಕಿಸಕ್ಕೆಂದರು. ಗೌಡರ ಮುಖ ಕಪ್ಪಿಟ್ಟಿತು.

"ಇಲ್ಲಿದ್ದ ನೀರು ಎಲ್ಲಿ ಹೋಯ್ತು?"

"ಊರವರೂ ಅದನ್ನೇ ಕೇಳ್ತಿದ್ದಾರೆ, ಗೌಡ್ರೇ."

"ತಲೆಹರಟೆ ಬೇಡ. ನೀರನ್ನ ಮೊದಲಿದ್ದ ಜಾಗಕ್ಕೆ ವಾಪಸ್ ಹಾಕು."

"ಹಾಕ್ತೀನಿ," ಎಂದೆ. "ಮೊದಲು ನೀವು ಮಂಟಪ ಒಡೆಸಿ."