ಕೊಡ ಹೊತ್ತವಳ ಕಾಲು

"ಗುರುಗಳೇ, ಹೊಸದಾಗಿ ಬಂದ ಆ ನೇಕಾರ ಪಾಠದ ಹೊತ್ತಿಗೆ ತೂಕಡಿಸುತ್ತಾನೆ. ನಾನೂ ಇದೇ ಮಠದಲ್ಲಿ ಕಲಿತವನು, ಒಂದು ದಿನವೂ ಕಣ್ಣು ಮುಚ್ಚಲಿಲ್ಲ. ಅವನನ್ನು ಊರಿಗೆ ಕಳಿಸಿಬಿಡಬಾರದೇಕೆ?" ಎಂದು ಹಿರಿಯ ಶಿಷ್ಯ ಕೇಳಿದ.

ಗುರುಗಳ ಮುಖ ಕೆಂಪಾಯಿತು. "ಕೂತುಕೋ. ಪೂರ್ತಿ ಕೇಳು, ನಡುವೆ ಬಾಯಿ ಹಾಕಬೇಡ," ಎಂದರು.

"ಕಡಲ ದಂಡೆಯ ಒಂದು ಊರಿನವರು ಮಳೆಗಾಲ ಮುಗಿದ ಕೂಡಲೇ ಗುಂಪು ಕಟ್ಟಿಕೊಂಡು ಕಾಡು ದಾಟಿ ಬೆಟ್ಟ ಹತ್ತುತ್ತಿದ್ದರು. ತುದಿಯಲ್ಲಿರುವ ದೇವರಿಗೆ ಕಡಲ ನೀರು ಎರೆಯುವುದು ಅವರ ರೂಢಿ. ಕೊಡವನ್ನು ದಾರಿಯಲ್ಲಿ ನೆಲಕ್ಕಿಡಬಾರದು. ನೆತ್ತರು ಸುರಿಯುವವರು ದೇವರ ಕಟ್ಟೆ ಹತ್ತಬಾರದು. ಆ ವರ್ಷ ಕೊಡ ಹೊತ್ತವಳು ಒಬ್ಬ ಮೀನುಗಾರ್ತಿ. ಜ್ವರದಲ್ಲಿದ್ದ ಮಗಳು ಉಳಿದರೆ ತನ್ನ ಕೈಯಾರೆ ನೀರೆರೆಯುತ್ತೇನೆಂದು ಹರಕೆ ಹೊತ್ತಿದ್ದಳು. ಮಗಳು ಉಳಿದಿದ್ದಳು.

"ಒಬ್ಬರ ಹಿಂದೆ ಒಬ್ಬರು ನಡೆಯಬೇಕಾದ ಕಾಲುದಾರಿ. ಮುಂದೆ ಊರಿನ ಯಜಮಾನ, ಕೊನೆಯಲ್ಲಿ ಇವಳು. ಕೊಳೆತ ಎಲೆಗಳ ಅಡಿಯಲ್ಲಿ ಉಂಬಳಗಳಿದ್ದವು. ಯಜಮಾನನ ಹೆಜ್ಜೆಗೆ ಅವು ಎಚ್ಚೆತ್ತವು. ತಲೆಯೆತ್ತುವಷ್ಟರಲ್ಲಿ ಅವನು ದಾಟಿ ಹೋಗಿದ್ದ. ಹಿಂದಿನವರ ಕಾಲಿಗೆ ಹತ್ತಿದವು. ಉಳಿದವರು ಬಗ್ಗಿ ಕಿತ್ತೆಸೆದರು. ತಲೆಯ ಮೇಲೆ ಕೊಡ ಇದ್ದವಳು ಬಗ್ಗುವುದು ಹೇಗೆ? ಅವು ಅವಳ ನೆತ್ತರನ್ನು ಹೊಟ್ಟೆ ತುಂಬ ಕುಡಿದು ತಾವಾಗಿಯೇ ಉದುರಿದವು.

"ತುದಿ ಮುಟ್ಟಿದಾಗ ಕಚ್ಚಿದ ಗಾಯಗಳಿಂದ ಇನ್ನೂ ನೆತ್ತರು ಸುರಿಯುತ್ತಿದ್ದ ಅವಳ ಕಾಲು ನೋಡಿ ಯಜಮಾನ ಗದರಿದ. 'ನಿಲ್ಲು! ನಾನೂ ಇದೇ ದಾರಿಯಲ್ಲಿ ಬಂದವನು. ನನ್ನ ಕಾಲು ನೋಡು, ಒಂದು ಹನಿ ನೆತ್ತರಿಲ್ಲ. ನಿನ್ನ ನೇಮದಲ್ಲೇ ಏನೋ ತಪ್ಪಿದೆ. ಕೊಡ ಇತ್ತ ಕೊಡು.'

"'ಒಡೆಯಾ, ಕಡಲಿನಿಂದ ಇಲ್ಲಿಯವರೆಗೆ ಹೊತ್ತು ತಂದದ್ದು ನಾನು,' ಎಂದಳು ಅವಳು.

"ಅವನು ಕೊಡ ಕಿತ್ತುಕೊಂಡು ತಾನೇ ನೀರೆರೆದ. ಅವಳು ಕಟ್ಟೆಯ ಕೆಳಗೆ ಬರಿಗೈಯಲ್ಲಿ ನಿಂತಳು. ಜೊತೆಗೆ ಬಂದವರಲ್ಲಿ ಒಬ್ಬನೂ ತುಟಿ ಬಿಚ್ಚಲಿಲ್ಲ, ಹೇಡಿಗಳು! ಇದನ್ನು ನೆನೆದಾಗಲೆಲ್ಲ ನನಗೆ ಮೈ ಉರಿಯುತ್ತದೆ."

"ನನಗೂ ಉರಿಯುತ್ತಿದೆ, ಗುರುಗಳೇ," ಎಂದ ಶಿಷ್ಯ. "ತಾನು ಎಬ್ಬಿಸಿದ ಉಂಬಳವೇ ಅವಳನ್ನು ಕಚ್ಚಿದ್ದೆಂದು ಆ ಮೂರ್ಖನಿಗೆ ತಿಳಿಯಲಿಲ್ಲವೇ?"

ಗುರುಗಳು ಎದ್ದು ನಿಂತರು.

"ದಿನವೂ ಕೋಳಿ ಕೂಗುವ ಮೊದಲೇ ಎದ್ದು, ಹೊಳೆಯಿಂದ ನೀರು ಹೊತ್ತು ತಂದು, ನಿನ್ನ ಸ್ನಾನಕ್ಕೆ ಕಾಯಿಸುವವನು ಯಾರು?"