ಮೊದಲು ನೋಡಬೇಕಾದ ಬಾವಿ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಹಿರಿಯರು ಕಲಿಸಿದ ವಿದ್ಯೆಯನ್ನು ಕೈಬಿಟ್ಟರೆ ಅದು ಅವರಿಗೆ ಬಗೆದ ದ್ರೋಹವಲ್ಲವೇ?"

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ನಾಟಿ ವೈದ್ಯನಿದ್ದ. ಹುಚ್ಚುನಾಯಿ ಕಚ್ಚಿದವರು ಅವನ ಬಳಿ ಬರುತ್ತಿದ್ದರು. ಅವನು ಸೊಪ್ಪಿನ ರಸ ಕುಡಿಸಿ, ಏಳು ಬಾವಿಗಳಲ್ಲಿ ಇಣುಕಿಸುತ್ತಿದ್ದ. ನೀರಲ್ಲಿ ತನ್ನ ಮುಖ ಕಂಡವನು ಬದುಕುತ್ತಾನೆ, ನಾಯಿಯ ಮುಖ ಕಂಡವನು ಇಲ್ಲ. ತಂದೆ ಕಲಿಸಿದ್ದು ಅಷ್ಟು. ಬಹಳ ಜನ ಬದುಕಿದರು. ಅವರನ್ನು ಕಚ್ಚಿದ ನಾಯಿಗೆ ಹುಚ್ಚಿತ್ತೋ ಇಲ್ಲವೋ, ಯಾರೂ ನೋಡಲಿಲ್ಲ.

ಒಂದು ದಿನ ನಾಯಿಯೊಂದು ಅವನ ಹೆಂಡತಿಯ ಕಾಲಿಗೇ ಬಾಯಿ ಹಾಕಿತು. ನೊರೆ ಸುರಿಸುತ್ತಾ ಹೋಗಿ ಹೊಲದ ಬದುವಿನಲ್ಲಿ ಸತ್ತುಬಿತ್ತು. ವೈದ್ಯ ಗಾಯ ತೊಳೆದ. ಅವಳನ್ನು ಮೊದಲ ಬಾವಿಗೆ ಕರೆದೊಯ್ದ. ಅವಳು ಬಗ್ಗಿ ನೋಡಿದಳು.

"ನನ್ನ ಮುಖವೇ ಕಾಣ್ತದೆ ಕಣ್ರೀ. ತಲೆ ಬಾಚಿಕೊಂಡಾದರೂ ಬರಬೇಕಿತ್ತು."

ಅವನಿಗೆ ನಗು ಬರಲಿಲ್ಲ. ಹಿಂದಿನ ವರ್ಷ ಒಬ್ಬ ಕುಂಬಾರ ಏಳು ಬಾವಿಯಲ್ಲೂ ತನ್ನ ಮುಖವನ್ನೇ ಕಂಡಿದ್ದ. ತಿಂಗಳು ಕಳೆಯುವುದರೊಳಗೆ, ನೀರು ಕಂಡರೆ ಬೆದರುತ್ತಾ ಸತ್ತಿದ್ದ.

"ನಡಿ, ಪೇಟೆ ಆಸ್ಪತ್ರೆಗೆ," ಎಂದ.

"ವೈದ್ಯನ ಮದ್ದು ವೈದ್ಯನ ಹೆಂಡತಿಗೇ ಬೇಡವಾಯಿತು ಅಂತ ಊರೆಲ್ಲ ನಗ್ತದೆ."

"ನಗಲಿ. ಬದುಕಿದ್ದು ಅವರ ಜೊತೆ ನೀನೂ ನಗುವೆಯಂತೆ."

ಹೊಕ್ಕುಳ ಸುತ್ತ ಹದಿನಾಲ್ಕು ದಿನ ಹದಿನಾಲ್ಕು ಸೂಜಿ. ದಿನವೂ ಅವಳು ಗಂಡನನ್ನು ಬೈದಳು. ಬೈದಷ್ಟೂ ಅವನಿಗೆ ಸಂತೋಷ. ಊರಿಗೆ ಬಂದರು. ತಿಂಗಳು ಕಳೆಯಿತು, ವರ್ಷ ಕಳೆಯಿತು. ಅವಳಿಗೆ ಏನೂ ಆಗಲಿಲ್ಲ.

ಅಂದಿನಿಂದ ನಾಯಿ ಕಚ್ಚಿದವರು ಬಂದರೆ ಅವನು ಆಸ್ಪತ್ರೆಗೆ ಹೋಗಿ ಎಂದ. ಯಾರೂ ಒಪ್ಪಲಿಲ್ಲ. ಸೂಜಿ ಎಂದರೆ ಭಯ. ಬಾವಿಯನ್ನೇ ತೋರಿಸು ಎಂದು ಹಟ ಹಿಡಿದರು. ಆಗ ಅವನು ಹೇಳಿದ:

"ಆಯಿತು. ಮೊದಲು ನೋಡಬೇಕಾದ ಬಾವಿ ಪೇಟೆ ಆಸ್ಪತ್ರೆಯ ಅಂಗಳದಲ್ಲಿದೆ. ಹದಿನಾಲ್ಕು ದಿನ ಅದನ್ನೇ ನೋಡಬೇಕು. ದಿನಾ ಸೂಜಿ ಚುಚ್ಚಿಸಿಕೊಂಡ ಮೇಲೆಯೇ ಇಣುಕಬೇಕು. ಉಳಿದ ಆರು ಇಲ್ಲೇ ಇರ್ತವೆ, ಎಲ್ಲಿಗೂ ಹೋಗಲ್ಲ."

ಜನ ಹೋದರು. ಹೊಟ್ಟೆ ಹಿಡಿದುಕೊಂಡು ಬಂದರು, ಬದುಕಿಕೊಂಡು ಬಂದರು. ಉಳಿದ ಆರು ಬಾವಿ ನೋಡಲು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು. ವೈದ್ಯನ ಹೆಂಡತಿ ಹೂ ಮುಡಿದು ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದಳು.

ಶಿಷ್ಯ ಕೇಳಿದ: "ತಂದೆ ತೋರಿಸದ ಬಾವಿಯನ್ನು ತಂದೆಯ ಹೆಸರಲ್ಲಿ ತೋರಿಸಿದನಲ್ಲ ಗುರುಗಳೇ, ಅದು ತಪ್ಪಲ್ಲವೇ?"

ಗುರುಗಳು ಹೇಳಿದರು: "ಹಾಗೆ ಪೇಟೆಗೆ ಹೋಗಿ ಬಂದವರಲ್ಲಿ ನಿನ್ನ ಅಜ್ಜಿಯೂ ಒಬ್ಬಳು, ಆಗ ಅವಳಿಗೆ ಒಂಬತ್ತು ವರ್ಷ."