ಇರುವೆ ಹತ್ತಿದ ಕೊಂಬೆ

“ಗುರುಗಳೇ, ನಿಜವಾದ ಗುರು ಯಾರೆಂದು ತಿಳಿಯುವುದು ಹೇಗೆ?” ಎಂದು ಶಿಷ್ಯ ಮುರಿಗೆಪ್ಪ ಕೇಳಿದ.

ಕೇಳುವಾಗ ಅವನ ಬಟ್ಟೆಗಂಟು ಕಂಕುಳಲ್ಲೇ ಇತ್ತು. ಹೊಳೆಯಾಚೆಯ ಊರಿಗೆ ಹೊಸ ಸ್ವಾಮಿಗಳೊಬ್ಬರು ಬಂದಿದ್ದರು. ಅವರನ್ನು ನೋಡಲು ಜನ ಮುಗಿಬೀಳುತ್ತಿದ್ದರು. ಈ ಆಶ್ರಮದಲ್ಲಿ ಗುರುಗಳು, ಮುರಿಗೆಪ್ಪ, ಒಂದು ಹಸು, ಇಷ್ಟೇ. ಇಲ್ಲೇ ಉಳಿಯುವುದೋ ಅಲ್ಲಿಗೆ ಹೋಗುವುದೋ ಅವನಿಗೆ ತೀರ್ಮಾನವಾಗಿರಲಿಲ್ಲ.

ಗುರುಗಳು ಬಟ್ಟೆಗಂಟಿನ ಕಡೆ ನೋಡಿ ನಕ್ಕರು. “ಅದನ್ನು ಕೆಳಗಿಡಪ್ಪಾ, ಕತೆ ಮುಗಿಯುವಷ್ಟರಲ್ಲಿ ಕೈ ಸೋತೀತು” ಎಂದು ಹೇಳತೊಡಗಿದರು.

ಒಬ್ಬ ರೈತನಿದ್ದ. ಅವನ ಹೊಲ ಬರೀ ಕಲ್ಲುನೆಲ. ಬದುವಿನ ಮೇಲಿನ ಎಲಚಿ ಮರಗಳ ಸಾಲೇ ಅವನ ಆಸ್ತಿ. ಒಬ್ಬ ಬಳೆಗಾರ ಅವನಿಗೆ, “ಈ ಮರಗಳಲ್ಲಿ ಅರಗು ಬೆಳೆಸು, ಬಳೆ ಮಾಡಲು ನಾನು ಕೊಳ್ಳುತ್ತೇನೆ” ಎಂದಿದ್ದ.

ಅರಗು ಒಂದು ಹುಳುವಿನಿಂದ ಬರುತ್ತದೆ. ಮರಿಯಾಗಿದ್ದಾಗ ಆ ಹುಳು ತುಸು ಹರಿದಾಡುತ್ತದೆ. ಆಮೇಲೆ ಎಳೆಯ ಕೊಂಬೆಗೆ ಬಾಯಿ ಚುಚ್ಚಿ ಕೂತುಬಿಡುತ್ತದೆ. ಮೈಯಿಂದ ಅಂಟು ಒಸರಿಸಿ ಅದನ್ನೇ ಹೊದ್ದುಕೊಳ್ಳುತ್ತದೆ. ಆ ಅಂಟೇ ಅರಗು. ಹುಳು ಹತ್ತಿದ ಕಡ್ಡಿಯನ್ನು ಬೇರೆ ಮರಕ್ಕೆ ಕಟ್ಟಿದರೆ ಮರಿಗಳು ಅಲ್ಲಿಗೆ ದಾಟುತ್ತವೆ. ಅರಗಿನ ಬಿತ್ತನೆ ಎಂದರೆ ಇದೇ. ಆದರೆ ಆ ಸಾಲಿನಲ್ಲಿ ಇನ್ನೊಂದು ಬಗೆಯ ಹುಳುವೂ ಇತ್ತು. ಅದೂ ಹಾಗೇ ಕೂರುತ್ತದೆ, ತೊಗಟೆಯ ಮೇಲೆ ಹಾಗೇ ಹಕ್ಕಳೆ ಕಟ್ಟಿದಂತೆ ಕಾಣುತ್ತದೆ. ಮರದ ರಸ ಹೀರುತ್ತದೆ, ಅರಗು ಕೊಡುವುದಿಲ್ಲ.

ರೈತ ಕಣ್ಣು ಕಿರಿದುಮಾಡಿ ನೋಡಿದ. ಎರಡೂ ಕಂದು, ಎರಡೂ ಗಡಸು. ಕೊನೆಗೆ ಇರುವೆಗಳು ಕಂಡವು. ಒಂದು ಕೊಂಬೆಯ ತುಂಬ ಅವು ಸಾಲುಗಟ್ಟಿ ಹತ್ತಿ ಇಳಿಯುತ್ತಿದ್ದವು. ಇಷ್ಟು ಇರುವೆ ಸುಮ್ಮನೆ ಮುತ್ತುತ್ತವೆಯೇ, ಅಸಲು ಹುಳು ಇಲ್ಲೇ ಇದೆ ಎಂದುಕೊಂಡು, ಅದೇ ಕೊಂಬೆಯ ಕಡ್ಡಿಗಳನ್ನು ಕಡಿದು ಎಲ್ಲ ಮರಗಳಿಗೂ ಕಟ್ಟಿದ.

ಮಳೆಗಾಲ ಕಳೆಯುವ ಹೊತ್ತಿಗೆ ಮರಮರದಲ್ಲೂ ಹಕ್ಕಳೆ, ಮರಮರದಲ್ಲೂ ಇರುವೆ. ಎಲೆ ಮಾತ್ರ ಉದುರುತ್ತಿತ್ತು. ರೈತ ಅದನ್ನು ಲೆಕ್ಕಿಸದೆ ಒಂದು ಹೊರೆ ಕಡ್ಡಿ ಹೊತ್ತು ಬಳೆಗಾರನ ಮನೆಗೆ ಹೋದ. ಬಳೆಗಾರ ಒಂದು ಕಡ್ಡಿಯನ್ನು ಕೆಂಡಕ್ಕೆ ಹಿಡಿದ. ಅದು ಚಿಟಿಚಿಟಿ ಎಂದು ಸುಟ್ಟು ಬೂದಿಯಾಯಿತು.

“ಏನು ನೋಡಿ ಇದನ್ನು ಬಿತ್ತಿದೆಯೋ?”

“ಇರುವೆ ನೋಡಿ.”

ಬಳೆಗಾರ ಹೊಟ್ಟೆ ಹಿಡಿದುಕೊಂಡು ನಕ್ಕ. “ಎರಡು ಹುಳುವೂ ಸಿಹಿನೀರು ಸುರಿಸುತ್ತವೆ. ಇರುವೆಗೆ ಅಷ್ಟು ಸಾಕು. ನನ್ನ ಹತ್ತಿರ ಬಳೆ ತೊಡಲು ಬರುವವರು ಇರುವೆಗಳಲ್ಲವಲ್ಲೋ!”

ರೈತನಿಗೂ ನಗು ಬಂತು. ಮರಗಳ ನೆನಪಾಗಿ ಅರ್ಧಕ್ಕೇ ನಿಂತಿತು. “ಮರ ಉಳಿದಾವೇ ಅಣ್ಣಾ?”

“ಇವತ್ತೇ ಹೋಗಿ ಈ ಹುಳು ಹತ್ತಿದ ಕೊಂಬೆ ಕಡಿದು ಸುಡು. ಎಲಚಿ ಅಷ್ಟು ಸುಲಭಕ್ಕೆ ಸಾಯುವ ಮರವಲ್ಲ. ಇನ್ನು ಮುಂದೆ ಕಟ್ಟುವ ಮೊದಲು ಒಂದು ಚೂರು ಹಕ್ಕಳೆ ಎತ್ತಿ ಕೆಂಡಕ್ಕೆ ಹಿಡಿ. ಕರಗಿ ನೂಲಿನ ಹಾಗೆ ಎಳೆ ಬಂದರೆ ಅರಗು.”

ರೈತ ಒಂದೊಂದು ಕೊಂಬೆಯ ಹಕ್ಕಳೆಯನ್ನೂ ಕೆಂಡಕ್ಕೆ ಹಿಡಿದು ನೋಡಿ, ಕರಗದ್ದನ್ನೆಲ್ಲ ಕಡಿದು ಸುಟ್ಟ. ಮರಗಳು ಚಿಗುರಿದವು. ಸಾಲಿನ ಕೊನೆಯ ಮರದ ಒಂದು ಕಡ್ಡಿ ಮಾತ್ರ ಕೆಂಡದಲ್ಲಿ ಎಳೆ ಬಿಟ್ಟಿತ್ತು. ಅದರ ಜೊತೆಯ ಕಡ್ಡಿಗಳನ್ನೇ ಕಟ್ಟಿದ. ಮುಂದಿನ ಬೆಳೆಗೆ ಊರ ಹೆಂಗಸರ ಕೈತುಂಬ ಅವನ ಮರಗಳ ಅರಗಿನ ಬಳೆ.

ಕತೆ ಮುಗಿಯಿತು. ಮುರಿಗೆಪ್ಪನ ಮುಖ ಅರಳಿತು.

“ತಿಳಿಯಿತು ಗುರುಗಳೇ. ಜನ ಮುತ್ತಿದ ಮಾತ್ರಕ್ಕೆ ಗುರುವಲ್ಲ. ನಾನು ಎಲ್ಲಿಗೂ ಹೋಗುವುದಿಲ್ಲ. ಯಾರೂ ಬಂದು ನೋಡದ ನಿಮ್ಮಂಥವರೇ ನಿಜವಾದ ಗುರು!”

ಗುರುಗಳು ಅಂದರು: “ಇರುವೆ ಹತ್ತದ ಕೊಂಬೆಗಳೂ ಆ ಸಾಲಿನಲ್ಲಿ ಬೇಕಾದಷ್ಟಿದ್ದವು, ಮುರಿಗೆಪ್ಪ, ಅವುಗಳಲ್ಲಿ ಏನೂ ಇರಲಿಲ್ಲ.”